ಚೆಸ್ ಎಂಜಿನ್‌ಗೆ ಸಿಂಗ್ಯುಲರ್ ಎಕ್ಸ್‌ಟೆನ್ಶನ್: ಸೇರಿಸಿ, ಪರೀಕ್ಷಿಸಿ, ಹದಕ್ಕೆ ತರುವ ಬಗೆ

ಆಲ್ಫಾ-ಬೀಟಾ ಸರ್ಚ್ ನೆಟ್ಟಗೆ ಓಡುತ್ತಿದೆ, ಹ್ಯಾಶ್ ಟೇಬಲ್ (ನೋಡಿದ ಪೊಸಿಶನ್‌ಗಳ ಅಂಕ, ನಡೆ ಬರೆದಿಡುವ ಜಾಗ) ಇದೆ, ನಲ್ ಮೂವ್ (ಒಂದು ಸರದಿ ಬಿಟ್ಟುಕೊಟ್ಟರೂ ಅಂಕ ಸಾಕಷ್ಟಿದ್ದರೆ ಆ ಕೊಂಬೆ ಕತ್ತರಿಸುವುದು) ಮತ್ತು ಎಲ್‌ಎಂಆರ್ (ಸಾಲಿನಲ್ಲಿ ಹಿಂದಿರುವ ನಡೆಗಳನ್ನು ಕಡಿಮೆ ಆಳಕ್ಕೆ ನೋಡುವುದು) ಹಾಕಿ ಆಗಿದೆ. ಅಂಥ ಎಂಜಿನ್ ಕೈಯಲ್ಲಿರುವವರಿಗಾಗಿ ಈ ಬರಹ. ಇವುಗಳಲ್ಲಿ ಯಾವುದಾದರೂ ಬಾಕಿ ಇದ್ದರೆ ಸಿಂಗ್ಯುಲರ್ ಎಕ್ಸ್‌ಟೆನ್ಶನ್ (ಎದ್ದು ಕಾಣುವಷ್ಟು ಒಳ್ಳೆಯ ಒಂದೇ ನಡೆಯನ್ನು ಉಳಿದವಕ್ಕಿಂತ ಹೆಚ್ಚು ಆಳಕ್ಕೆ ನೋಡುವುದು) ಗೊಡವೆ ಈಗ ಬೇಡ. ನಲ್ ಮೂವ್, ಎಲ್‌ಎಂಆರ್‌ನಿಂದ ಸಿಗುವ ಲಾಭ ಇದಕ್ಕಿಂತ ಎಷ್ಟೋ ದೊಡ್ಡದು.

ಒಂದು ನಡೆಯನ್ನು ಒಂದು ಪ್ಲೈ (ಒಂದು ಪಕ್ಷದ ಒಂದು ನಡೆ) ಹೆಚ್ಚು ಆಳಕ್ಕೆ ನೋಡಿದರೆ ಅದಕ್ಕೆ ಹಿಡಿಯುವ ಸಮಯ ಉಳಿದ ನಡೆಗಳ ಪಾಲಿನಿಂದ ಹೋಗುತ್ತದೆ. ಹಾಗಾಗಿ ‘ಈ ಎಕ್ಸ್‌ಟೆನ್ಶನ್ ಹಾಕಿದ ಮೇಲೆ ಆ ಕಾಂಬಿನೇಶನ್ ಬೇಗ ಸಿಕ್ಕಿತು’ ಎನ್ನುವುದು ಏನನ್ನೂ ಸಾಬೀತು ಮಾಡುವುದಿಲ್ಲ. 300 ಪೊಸಿಶನ್‌ಗಳ ‘ವಿನ್ ಅಟ್ ಚೆಸ್’ ಪರೀಕ್ಷಾ ಗುಚ್ಛದಲ್ಲಿ ಹತ್ತು ಹೆಚ್ಚು ಬಿಡಿಸಿ, ಆಟದಲ್ಲಿ 15 ಈಲೊ (ಆಟದ ಬಲ ಅಳೆಯುವ ಅಂಕ) ಕಳೆದುಕೊಳ್ಳುವುದು ಖಂಡಿತ ಸಾಧ್ಯ. ಅಂಥ ಗುಚ್ಛದಲ್ಲಿರುವುದು ಬಹುಪಾಲು ಬಲಿ, ಹೊಡೆತಗಳಿಂದ ಗೆಲ್ಲುವ ಪೊಸಿಶನ್‌ಗಳೇ. ನಿಜವಾದ ಆಟದಲ್ಲಿ ಹೆಚ್ಚಿನ ನಡೆಗಳು ಹಾಗಿರುವುದಿಲ್ಲ.

ಮೊದಲು ಚೆಕ್ ಎಕ್ಸ್‌ಟೆನ್ಶನ್‌ನಲ್ಲಿ ಕೈ ಪಳಗಲಿ

ನಡೆಯುವ ಪಕ್ಷದ ರಾಜನಿಗೆ ಚೆಕ್ ಇದ್ದರೆ ಆಳಕ್ಕೆ 1 ಸೇರಿಸುವುದು. ಒಂದೇ ಸಾಲಿನ ಕೋಡ್. ಅದು ಕೆಲಸ ಮಾಡುತ್ತಿದೆಯೇ ಎಂದು ನೋಡಲು ಈ ಪೊಸಿಶನ್ ಜೋಡಿಸಿ: ಬಿಳಿಯ ರಾಜ ಜಿ1, ರಾಣಿ ಸಿ4, ಕುದುರೆ ಜಿ5, ಕಪ್ಪಿನ ರಾಜ ಎಚ್8, ರಾಣಿ ಎ5, ಆನೆ ಎ8, ಕಾಲಾಳುಗಳು ಜಿ7 ಮತ್ತು ಎಚ್7. ನಡೆ ಬಿಳಿಯದು. ಕುದುರೆ ಎಫ್7ಕ್ಕೆ ಬಂದು ಚೆಕ್, ರಾಜ ಜಿ8ಕ್ಕೆ. ಕುದುರೆ ಎಚ್6ಕ್ಕೆ ಹೋದರೆ ಜೋಡಿ ಚೆಕ್, ರಾಜ ಮತ್ತೆ ಎಚ್8ಕ್ಕೆ. ರಾಣಿ ಜಿ8ರಲ್ಲಿ ಬಲಿ, ಆನೆ ಅದನ್ನು ಹೊಡೆಯಲೇಬೇಕು, ಕುದುರೆ ಎಫ್7ರಲ್ಲಿ ಮೇಟ್. ತನ್ನ ಕಡೆಯವರ ನಡುವೆಯೇ ಉಸಿರುಗಟ್ಟಿ ಸಾಯುವ ರಾಜ.

ನಾಲ್ಕು ನಡೆಗಳ ಮೇಟ್ ಎಂದರೆ ಏಳು ಪ್ಲೈ. ಎಲ್‌ಎಂಆರ್ ಮತ್ತು ಪ್ರೂನಿಂಗ್ (ಕೊಂಬೆ ಕತ್ತರಿಸುವುದು) ಎಲ್ಲ ಆಫ್ ಮಾಡಿ ಓಡಿಸಿದರೆ, ಎಕ್ಸ್‌ಟೆನ್ಶನ್ ಇಲ್ಲದ ಎಂಜಿನ್ ಇದನ್ನು ಆಳ 7ರಲ್ಲಿ ಕಾಣಬೇಕು. ಚೆಕ್ ಎಕ್ಸ್‌ಟೆನ್ಶನ್ ಇದ್ದರೆ ಆಳ 4ರಲ್ಲೇ ಕಾಣಬೇಕು, ಏಕೆಂದರೆ ಮೇಟ್‌ಗೆ ಮುಂಚಿನ ಮೂರು ಚೆಕ್‌ಗಳೂ ತಲಾ ಒಂದು ಪ್ಲೈ ವಾಪಸ್ ಕೊಡುತ್ತವೆ. 5 ಅಥವಾ 6ಕ್ಕೆ ಕಂಡರೆ ಎಲ್ಲೋ ಒಂದು ಚೆಕ್ ಲೆಕ್ಕಕ್ಕೆ ಸಿಕ್ಕಿಲ್ಲ ಎಂದರ್ಥ. ಆಳ ಶೂನ್ಯವೇ ಎಂದು ನೋಡಿ ಕ್ವಯೆಸೆನ್ಸ್‌ಗೆ (ಆಳ ಮುಗಿದ ಮೇಲೆ ಮುಖ್ಯವಾಗಿ ಹೊಡೆತಗಳನ್ನಷ್ಟೇ ನೋಡುವ ಸರ್ಚ್) ಜಾರಿಸುವ ಸಾಲು ಎಕ್ಸ್‌ಟೆನ್ಶನ್‌ಗಿಂತ ಮೇಲೆ ಕುಳಿತಿರುವುದೇ ಸಾಮಾನ್ಯ ಕಾರಣ. ಕ್ವಯೆಸೆನ್ಸ್‌ನಲ್ಲೂ ಚೆಕ್ ಕೊಡುವ ನಡೆಗಳನ್ನು ಹುಡುಕುವ ಎಂಜಿನ್ ಆದರೆ ಈ ಅಂಕಿಗಳು ಇನ್ನೂ ಕೆಳಗಿಳಿಯುತ್ತವೆ. ಪರೀಕ್ಷೆ ಮುಗಿಯುವವರೆಗೆ ಅದನ್ನೂ ಆಫ್ ಮಾಡಿಡಿ.

ಇಲ್ಲಿ ಪಾಸಾಯಿತೆಂದು ಚೆಕ್ ಎಕ್ಸ್‌ಟೆನ್ಶನ್ ಲಾಭ ಎಂದುಕೊಳ್ಳಬೇಡಿ. ಇದು ಕೋಡ್ ಸರಿ ಇದೆಯೇ ಎಂಬುದರ ಪರೀಕ್ಷೆ ಮಾತ್ರ. ಚೆಕ್ ಇದ್ದಾಗ ಎಲ್‌ಎಂಆರ್ ಕಡಿಮೆ ಮಾಡುವ ಎಂಜಿನ್‌ನಲ್ಲಿ ಆ ಕೆಲಸದ ಒಂದು ಪಾಲು ಆಗಲೇ ನಡೆಯುತ್ತಿರುತ್ತದೆ. ಸಿಂಗ್ಯುಲರ್ ಬಂದ ಮೇಲೆ ಚೆಕ್ ಎಕ್ಸ್‌ಟೆನ್ಶನ್ ತೆಗೆದು ಒಮ್ಮೆ ಪರೀಕ್ಷಿಸಿ; ಎಷ್ಟೋ ಸಲ ಏನೂ ನಷ್ಟವಾಗುವುದಿಲ್ಲ.

ಸಿಂಗ್ಯುಲರ್: ಲೆಕ್ಕ ಹೀಗಿದೆ

ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಡೀಪ್ ಥಾಟ್ ಯಂತ್ರಕ್ಕಾಗಿ ಥಾಮಸ್ ಅನಂತರಾಮನ್, ಮರ್ರೆ ಕ್ಯಾಂಪ್‌ಬೆಲ್, ಫೆಂಗ್-ಸಿಯುಂಗ್ ಸು ಮೂವರೂ ಸೇರಿ 1988ರಲ್ಲಿ ಪ್ರಕಟಿಸಿದ ವಿಚಾರ ಇದು. ಒಂದು ನಡೆ ಉಳಿದೆಲ್ಲವಕ್ಕಿಂತ ಎದ್ದು ಕಾಣುವಷ್ಟು ಒಳ್ಳೆಯದಾಗಿದ್ದರೆ ಅದನ್ನು ಇನ್ನಷ್ಟು ಆಳಕ್ಕೆ ನೋಡಬೇಕು. ಅವರ ರೂಪ ದುಬಾರಿಯದು. ಈಗ ಚಾಲ್ತಿಯಲ್ಲಿರುವುದು ಹ್ಯಾಶ್ ಟೇಬಲ್ ಹೇಳಿದ ಒಂದು ನಡೆಯನ್ನಷ್ಟೇ ಪರೀಕ್ಷಿಸುವ ಅಗ್ಗದ ರೂಪ.

ಷರತ್ತುಗಳು ಇಷ್ಟು. ರೂಟ್ ನೋಡ್ (ಸರ್ಚ್ ಶುರುವಾಗುವ ಪೊಸಿಶನ್) ಆಗಿರಬಾರದು. ಆಳ ಕನಿಷ್ಠ 8 ಇರಬೇಕು. ಹ್ಯಾಶ್ ಟೇಬಲ್‌ನಲ್ಲಿ ನಡೆ ಇರಬೇಕು, ಅದರ ಅಂಕ ಲೋಯರ್ ಬೌಂಡ್ (ನಿಜವಾದ ಅಂಕ ಕನಿಷ್ಠ ಇಷ್ಟು) ಅಥವಾ ಎಕ್ಸಾಕ್ಟ್ (ಸರಿಯಾಗಿ ಇಷ್ಟೇ) ಆಗಿರಬೇಕು, ಅದನ್ನು ಬರೆದ ಆಳ ಈಗಿನ ಆಳಕ್ಕಿಂತ 3ಕ್ಕಿಂತ ಹೆಚ್ಚು ಹಿಂದುಳಿದಿರಬಾರದು. ಅಂಕ ಮೇಟ್‌ನ ಅಂಕವಾಗಿರಬಾರದು. ಈ ನೋಡ್ ಆಗಲೇ ಒಂದು ನಡೆಯನ್ನು ಹೊರಗಿಟ್ಟು ನಡೆಯುತ್ತಿರುವ ಸರ್ಚ್ ಆಗಿರಬಾರದು.

ಒಂದು ಉದಾಹರಣೆಯನ್ನು ಅಂಕಿಗಳಲ್ಲೇ ನೋಡೋಣ. ಆಳ 10, ಬೀಟಾ (ಅಂಕ ಇದನ್ನು ಮುಟ್ಟಿದರೆ ಆ ನೋಡ್‌ನಲ್ಲಿ ಮುಂದೆ ಹುಡುಕಬೇಕಿಲ್ಲ ಎನ್ನುವ ಮಿತಿ) 40. ಹ್ಯಾಶ್ ನಡೆಯ ಅಂಕ 45, ಬರೆದ ಆಳ 8, ಲೋಯರ್ ಬೌಂಡ್. ಆಳ ಸಾಲದ್ದರಿಂದ ನೇರ ಕಟಾಫ್ (ಟೇಬಲ್‌ನ ಅಂಕವನ್ನೇ ನಂಬಿ ಅಲ್ಲೇ ಹಿಂತಿರುಗುವುದು) ಸಿಗುವುದಿಲ್ಲ, ಷರತ್ತುಗಳೆಲ್ಲ ಕೂಡಿಬಂದಿವೆ. ಮಾರ್ಜಿನ್ ಆಳದ ಎರಡರಷ್ಟು, ಅಂದರೆ 20. ಸಿಂಗ್ಯುಲರ್ ಬೀಟಾ 45ರಲ್ಲಿ 20 ಕಳೆದು 25. ಪರಿಶೀಲನಾ ಸರ್ಚ್‌ನ ಆಳ 9ರ ಅರ್ಧ, ಪೂರ್ಣಾಂಕಕ್ಕೆ ಇಳಿಸಿ 4. ಹ್ಯಾಶ್ ನಡೆಯನ್ನು ಹೊರಗಿಟ್ಟು, ಅದೇ ಪೊಸಿಶನ್‌ನಲ್ಲಿ, 24 ಮತ್ತು 25ರ ಕಿಟಕಿಯಲ್ಲಿ ಸರ್ಚ್ ಮಾಡಿ.

ಉತ್ತರ 10 ಬಂತು ಎನ್ನಿ. 25ಕ್ಕಿಂತ ಕೆಳಗೆ, ಅಂದರೆ ಉಳಿದ ಯಾವ ನಡೆಯೂ ಹ್ಯಾಶ್ ನಡೆಯ ಹತ್ತಿರ ಬರಲಿಲ್ಲ: ಹ್ಯಾಶ್ ನಡೆಗೆ ಒಂದು ಪ್ಲೈ ಹೆಚ್ಚು. ಡಬಲ್ ಎಕ್ಸ್‌ಟೆನ್ಶನ್‌ಗೆ (ಎರಡು ಪ್ಲೈ ಹೆಚ್ಚು) ಇನ್ನೊಂದು 20ರ ಅಂತರ ಇಟ್ಟಿದ್ದರೆ ಉತ್ತರ 5ಕ್ಕಿಂತ ಕೆಳಗಿರಬೇಕಿತ್ತು, 10 ಸಾಲದು. ಉತ್ತರ 30 ಬಂದರೆ ಹ್ಯಾಶ್ ನಡೆ ಒಂಟಿಯಲ್ಲ. ಸಿಂಗ್ಯುಲರ್ ಬೀಟಾವೇ ಬೀಟಾವನ್ನು ಮುಟ್ಟಿದ್ದರೆ ಇಲ್ಲೇ ಹಿಂತಿರುಗಬಹುದಿತ್ತು (ಮಲ್ಟಿಕಟ್). 25 ಎಂಬುದು 40ಕ್ಕಿಂತ ಕಡಿಮೆ, ಹಾಗಾಗಿ ಅದಿಲ್ಲ. ಆದರೆ ಹ್ಯಾಶ್ ಅಂಕ 45 ಬೀಟಾಗಿಂತ ಮೇಲಿದೆ: ಆಳವನ್ನು ಒಂದು ಪ್ಲೈ ಕಡಿಮೆ ಮಾಡಿ. ಇದು ನೆಗೆಟಿವ್ ಎಕ್ಸ್‌ಟೆನ್ಶನ್. ಲಾಭದ ದೊಡ್ಡ ಪಾಲು ಮಲ್ಟಿಕಟ್ ಮತ್ತು ನೆಗೆಟಿವ್‌ಗಳಿಂದಲೇ ಬರುವುದುಂಟು. ಪರಿಶೀಲನೆಯ ಖರ್ಚು ಹೇಗೂ ಆಗಿಹೋಗಿದೆ; ಅದರ ಎರಡೂ ಬಗೆಯ ಉತ್ತರಗಳನ್ನು ಬಳಸಿಕೊಳ್ಳದಿರುವುದು ಪೆದ್ದತನ.

ಕೈಕೊಡುವ ಜಾಗಗಳು

ಸಿಂಗ್ಯುಲರ್ ‘ನಮ್ಮ ಎಂಜಿನ್‌ಗೆ ಆಗಿಬರಲಿಲ್ಲ’ ಎಂಬ ದೂರಿನ ಹಿಂದೆ ಬಹುಪಾಲು ಮಾರ್ಜಿನ್‌ನ ತಪ್ಪು ಇರುವುದಿಲ್ಲ. ನಡೆ ಹೊರಗಿಟ್ಟ ಆ ಸರ್ಚ್‌ನಲ್ಲಿ ಬಗ್ ಇರುತ್ತದೆ. ಮಾರ್ಜಿನ್ ತಿರುಗಿಸುತ್ತ ವಾರಗಟ್ಟಲೆ ಕೂರುವ ಮೊದಲು ಕೆಳಗಿನವನ್ನು ಒಂದೊಂದಾಗಿ ನೋಡಿ.

ಹ್ಯಾಶ್ ಟೇಬಲ್ ಮೊದಲನೆಯದು. ಪರಿಶೀಲನಾ ಸರ್ಚ್ ನಡೆಯುವುದು ಅದೇ ಪೊಸಿಶನ್‌ನಲ್ಲಿ, ಆದ್ದರಿಂದ ಕೀಯೂ ಅದೇ. ಅದರ ಆಳ 4. ಟೇಬಲ್‌ನಲ್ಲಿ ಆಳ 8ರ 45 ಕುಳಿತಿದೆ. ಕಟಾಫ್ ತಡೆಯದಿದ್ದರೆ ಒಂದು ನೋಡ್ ಕೂಡ ನೋಡದೆ 45 ವಾಪಸ್ ಬರುತ್ತದೆ, ಯಾವ ನಡೆಯೂ ಎಂದಿಗೂ ಸಿಂಗ್ಯುಲರ್ ಆಗುವುದಿಲ್ಲ. ಬರೆಯುವಾಗಲೂ ಅಷ್ಟೇ: ಹೊರಗಿಟ್ಟ ನಡೆಯಿಲ್ಲದ ಅಂಕವನ್ನು ಈ ಕೀಯಲ್ಲಿ ಬರೆದರೆ ಒಳ್ಳೆಯ ನಡೆ ಅಳಿಸಿ ಎರಡನೇ ದರ್ಜೆಯದು ಕೂರುತ್ತದೆ. ಆ ನೋಡ್‌ನಲ್ಲಿ ಓದಿ ಕಟಾಫ್ ಮಾಡುವುದೂ ಬೇಡ, ಬರೆಯುವುದೂ ಬೇಡ. ಅದರ ಮಕ್ಕಳ ನೋಡ್‌ಗಳು ಎಂದಿನಂತೆ ಬರೆಯಬಹುದು.

ಎರಡನೆಯದು ತುಂಬ ಮೌನವಾಗಿ ಕೊಲ್ಲುತ್ತದೆ. ಇರುವುದು ಒಂದೇ ಕಾನೂನುಬದ್ಧ ನಡೆ, ಅದನ್ನೇ ಹೊರಗಿಟ್ಟಿದ್ದೀರಿ. ಲೂಪ್ ಮುಗಿಯಿತು, ನಡೆಗಳ ಎಣಿಕೆ ಸೊನ್ನೆ. ಚೆಕ್ ಇದ್ದರೆ ಕೋಡ್ ಮೇಟ್ ಎನ್ನುತ್ತದೆ, ಅಂಕ ಪಾತಾಳಕ್ಕೆ, ನಡೆ ಸಿಂಗ್ಯುಲರ್. ಅದೃಷ್ಟಕ್ಕೆ ಫಲ ಸರಿಯೇ ಬಂತು. ಚೆಕ್ ಇಲ್ಲದಿದ್ದರೆ ಸ್ಟೇಲ್‌ಮೇಟ್ ಎಂದು ಸೊನ್ನೆ ಕೊಡುತ್ತದೆ. ಸಿಂಗ್ಯುಲರ್ ಬೀಟಾ −300 ಇದ್ದು ಬೀಟಾ −320 ಇದ್ದರೆ, ಈ ಸುಳ್ಳು ಸೊನ್ನೆ ಮಲ್ಟಿಕಟ್ ಮಾಡಿಸಿ ಆ ಕೊಂಬೆಯನ್ನೇ ಕತ್ತರಿಸಿ ಹಾಕುತ್ತದೆ. ಪರಿಶೀಲನಾ ಸರ್ಚ್‌ನಲ್ಲಿ ನಡೆಯೇ ಸಿಗದಿದ್ದರೆ ಆಲ್ಫಾ (ಕಿಟಕಿಯ ಕೆಳ ಅಂಚು) ಹಿಂತಿರುಗಿಸಬೇಕು.

ಮೂರನೆಯದು ಸ್ಟ್ಯಾಕ್. ಪರಿಶೀಲನೆ ಅದೇ ಪ್ಲೈಯಲ್ಲಿ ನಡೆಯುವುದರಿಂದ ಆ ಪ್ಲೈಯ ಸ್ಟ್ಯಾಟಿಕ್ ಇವ್ಯಾಲ್ಯುಯೇಶನ್ (ಮುಂದಿನ ನಡೆ ನೋಡದೆ ಪೊಸಿಶನ್‌ಗೆ ಕೊಡುವ ಅಂಕ), ನಡೆ ಎಣಿಕೆ, ಪಿವಿ (ಅತ್ಯುತ್ತಮ ನಡೆಗಳ ಸಾಲು) ಉದ್ದ ಎಲ್ಲದರ ಮೇಲೂ ಅದು ಬರೆಯುತ್ತದೆ. ಎಣಿಕೆಯನ್ನು ಲೋಕಲ್ ವೇರಿಯಬಲ್‌ನಲ್ಲಿಟ್ಟರೆ ಅರ್ಧ ತಲೆನೋವು ಹೋಯಿತು. ಹೊರಗಿಟ್ಟ ನಡೆಯ ಗುರುತನ್ನು ಸರ್ಚ್ ಮುಗಿದ ಕೂಡಲೇ ಖಾಲಿ ಮಾಡಿ. ಮರೆತರೆ ಆ ಪ್ಲೈಗೆ ಮುಂದೆ ಬರುವ ಇನ್ನೊಂದು ನೋಡ್ ಕಾರಣವಿಲ್ಲದೆ ಒಂದು ನಡೆಯನ್ನು ಬಿಟ್ಟು ಆಡುತ್ತದೆ. ಜೊತೆಗೆ, ಪರಿಶೀಲನೆಯನ್ನು ಮಾಡಬೇಕಾದ್ದು ನಡೆಯನ್ನು ಬೋರ್ಡ್ ಮೇಲೆ ಆಡುವ ಮೊದಲು. ಪರಿಶೀಲನಾ ನೋಡ್‌ನಲ್ಲಿ ನಲ್ ಮೂವ್ ಆಫ್ ಮಾಡುವುದೂ ಒಳ್ಳೆಯದು. ‘ಹ್ಯಾಶ್ ನಡೆ ಬಿಟ್ಟು ಬೇರೆ ಒಳ್ಳೆಯ ನಡೆ ಇದೆಯೇ’ ಎಂಬ ಪ್ರಶ್ನೆಗೆ ‘ನಡೆಯದೆ ಬಿಟ್ಟರೂ ಸಾಕು’ ಎಂಬುದು ಉತ್ತರವಲ್ಲ.

ಇವೆಲ್ಲ ಸರಿಯಾಗಿವೆಯೇ ಎಂದು ಖಚಿತಪಡಿಸುವ ಒಂದು ಗಟ್ಟಿ ಪರೀಕ್ಷೆ ಇದೆ. ಪರಿಶೀಲನೆಯನ್ನು ಓಡಿಸಿ, ಆದರೆ ಅದರ ಉತ್ತರವನ್ನು ಬಳಸಬೇಡಿ. ಆ ಇಡೀ ಉಪವೃಕ್ಷದಲ್ಲಿ ಹ್ಯಾಶ್ ಟೇಬಲ್, ಹಿಸ್ಟರಿ, ಕಿಲ್ಲರ್ (ಹಿಂದೆ ಫಲ ಕೊಟ್ಟ ನಡೆಗಳ ಪಟ್ಟಿಗಳು) ಯಾವುದಕ್ಕೂ ಬರೆಯದಂತೆ ಒಂದು ಫ್ಲಾಗ್ ಇಡಿ, ಅಲ್ಲಿನ ನೋಡ್‌ಗಳನ್ನು ಬೇರೆಯಾಗಿ ಎಣಿಸಿ. ಈಗ ಬೆಂಚ್ ಓಡಿಸಿದರೆ (ಒಂದು ಥ್ರೆಡ್, ನಿಗದಿತ ಆಳ, ಮೂವತ್ತು-ನಲವತ್ತು ಪೊಸಿಶನ್) ಮುಖ್ಯ ಮರದ ನೋಡ್ ಎಣಿಕೆ ಹಳೆಯ ಎಂಜಿನ್‌ನದಕ್ಕೆ ಕೊನೆಯ ಅಂಕಿಯವರೆಗೂ ತಾಳೆಯಾಗಬೇಕು. ಒಂದು ನೋಡ್ ವ್ಯತ್ಯಾಸ ಬಂದರೂ ಎಲ್ಲೋ ಸೋರುತ್ತಿದೆ. ಪರೀಕ್ಷೆ ಮುಗಿದ ಮೇಲೆ ಫ್ಲಾಗ್ ತೆಗೆಯಿರಿ.

ಎಣಿಸಿ ನೋಡಿ

ಐದು ಕೌಂಟರ್ ಸಾಕು: ಎಷ್ಟು ಸಲ ಪರಿಶೀಲನೆ ನಡೆಯಿತು, ಎಷ್ಟು ಸಿಂಗಲ್, ಎಷ್ಟು ಡಬಲ್, ಎಷ್ಟು ಮಲ್ಟಿಕಟ್, ಎಷ್ಟು ನೆಗೆಟಿವ್. ಬೆಂಚ್ ಕೊನೆಯಲ್ಲಿ ಅಚ್ಚು ಹಾಕಿಸಿ. ಸಿಂಗ್ಯುಲರ್ ಆಗುವ ಪ್ರಮಾಣ ಸೊನ್ನೆಗೆ ಅಂಟಿದ್ದರೆ ಹ್ಯಾಶ್ ಕಟಾಫ್ ತಡೆದಿಲ್ಲ ಎಂದು ಶಂಕಿಸಿ. ನೂರಕ್ಕೆ ನೂರರ ಹತ್ತಿರ ಇದ್ದರೆ ಕಿಟಕಿಯ ಚಿಹ್ನೆ ತಿರುಗಿದೆ, ಇಲ್ಲವೇ ಹೊರಗಿಡುವ ಹೋಲಿಕೆ ತಪ್ಪಿ ಎಲ್ಲ ನಡೆಗಳನ್ನೂ ಬಿಡುತ್ತಿದೆ.

ಸರ್ಚ್ ಸ್ಫೋಟದ ಲಕ್ಷಣ ಬೇರೆ: ಆಳ ಒಂದು ಅಂಕಿಯಲ್ಲಿ ನಿಂತುಬಿಡುತ್ತದೆ, ಸೆಲ್‌ಡೆಪ್ತ್ (ಸರ್ಚ್ ಮುಟ್ಟಿದ ಅತಿ ಹೆಚ್ಚು ಆಳ) ಮಾತ್ರ ಏರುತ್ತಲೇ ಹೋಗುತ್ತದೆ. ಎಕ್ಸ್‌ಟೆನ್ಶನ್ ಪ್ರತಿ ನಡೆಗೂ 1 ಕೊಟ್ಟರೆ ಆಳ ಇಳಿಯುವುದೇ ಇಲ್ಲವಲ್ಲ. ಎರಡು ಬೇಲಿ ಹಾಕಿ. ಪ್ಲೈ ಈಗಿನ ರೂಟ್ ಆಳದ ಎರಡರಷ್ಟಾದ ಮೇಲೆ ಯಾವ ಎಕ್ಸ್‌ಟೆನ್ಶನ್ನೂ ಬೇಡ. ಒಂದೇ ಸಾಲಿನಲ್ಲಿ ಡಬಲ್‌ಗಳು ಐದಾರಕ್ಕೆ ಮೀರಬಾರದು. ಸ್ಟ್ಯಾಕ್ ಅರೇ 64ರದ್ದಾಗಿದ್ದರೆ 128ಕ್ಕೋ ಅದಕ್ಕಿಂತ ಮೇಲಕ್ಕೋ ಏರಿಸಿ, ಪ್ಲೈ ಅದರ ಅಂಚಿಗೆ ಬಂದಾಗ ಇವ್ಯಾಲ್ಯುಯೇಶನ್ ಹಿಂತಿರುಗಿಸುವ ಸಾಲು ಇದೆಯೇ ನೋಡಿ. ಸಾವಿರಾರು ಆಟಗಳಿಗೊಮ್ಮೆ ಎಂಜಿನ್ ಸದ್ದಿಲ್ಲದೆ ಕುಸಿದು ಬೀಳುವುದು ಇಲ್ಲೇ.

ನಿಗದಿತ ಆಳದಲ್ಲಿ ಬೆಂಚ್ ನೋಡ್‌ಗಳು ಹೆಚ್ಚಾದವೆಂದು ಗಾಬರಿ ಬೇಡ. ಅದೇ ಸಮಯಕ್ಕೆ ತೋರಿಸುವ ಆಳ ಒಂದು ಮೆಟ್ಟಿಲು ಕೆಳಗಿಳಿದೂ ಎಂಜಿನ್ ಬಲವಾಗಿರಬಹುದು. ಆ ‘ಆಳ’ ಈಗ ಮೊದಲಿನ ಆಳವಲ್ಲ.

ಆಟಗಳನ್ನು ಓಡಿಸುವುದು

ಹಳೆಯ ಎಂಜಿನ್ ಹೊಸದರ ವಿರುದ್ಧ, ನಡುವೆ ಈ ಒಂದೇ ಬದಲಾವಣೆ. ಎಂಜಿನ್‌ಗಳನ್ನು ಆಡಿಸಲು ಕ್ಯೂಟ್‌ಚೆಸ್ ಅಥವಾ ಫಾಸ್ಟ್‌ಚೆಸ್ ಯಾವುದಾದರೂ ಸರಿ. ಸಮಯ 8 ಸೆಕೆಂಡ್, ಪ್ರತಿ ನಡೆಗೆ 0.08 ಸೇರ್ಪಡೆ. ಹ್ಯಾಶ್ 16 ಎಂಬಿ, ತಲಾ ಒಂದು ಥ್ರೆಡ್. ಒಂದೇ ಓಪನಿಂಗ್‌ನಿಂದ ಎರಡು ಆಟ, ಬಣ್ಣ ಬದಲಿಸಿ. ಏಕಕಾಲಕ್ಕೆ ಓಡಿಸುವ ಆಟಗಳು ಪ್ರೊಸೆಸರ್‌ನ ನಿಜವಾದ ಕೋರ್‌ಗಳಿಗಿಂತ ಒಂದು ಕಡಿಮೆ ಇರಲಿ. ಹೈಪರ್‌ಥ್ರೆಡ್ಡಿಂಗ್ ಕೋರ್‌ಗಳನ್ನೂ ಲೆಕ್ಕಕ್ಕೆ ಹಿಡಿದರೆ ಎಂಜಿನ್‌ಗಳು ಒಂದರ ಸಮಯವನ್ನು ಇನ್ನೊಂದು ತಿನ್ನುತ್ತವೆ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಸಿಕ್ಕಿಸಿ, ಪವರ್ ಸೇವಿಂಗ್ ತೆಗೆಯಿರಿ. ಪಕ್ಕದಲ್ಲಿ ವಿಡಿಯೊ ನೋಡುತ್ತ ಪರೀಕ್ಷೆ ನಡೆಸುವುದು ಬೇಡ. ಟೈಮ್ ಲಾಸ್ ಒಂದು ಕಂಡರೂ ನಿಲ್ಲಿಸಿ ಕಾರಣ ಹುಡುಕಿ.

ಸಮ ಎನಿಸುವ ಓಪನಿಂಗ್‌ಗಳಿಂದ ಗಟ್ಟಿ ಎಂಜಿನ್‌ಗಳು ಡ್ರಾ ಮೇಲೆ ಡ್ರಾ ಮಾಡುತ್ತವೆ, ಆಟ ಏನನ್ನೂ ಹೇಳುವುದಿಲ್ಲ. ಅದಕ್ಕೇ ಒಂದು ಕಡೆಗೆ ವಾಲಿದ ಯುಎಚ್‌ಒ (ಅನ್‌ಬ್ಯಾಲೆನ್ಸ್ಡ್ ಹ್ಯೂಮನ್ ಓಪನಿಂಗ್ಸ್) ಓಪನಿಂಗ್‌ಗಳು ಬಂದದ್ದು. ಎಂಜಿನ್ ಇನ್ನೂ ಎಳೆಯದಾಗಿದ್ದರೆ ಮಾಮೂಲಿ ಎಂಟು ನಡೆಗಳ ಪುಸ್ತಕವೇ ಸಾಕು. ಸೋಲು ಖಚಿತವಾದ ಆಟ ಎಳೆಯದಿರಲು: ಸತತ ಮೂರು ನಡೆ ಅಂಕ −400ಕ್ಕಿಂತ ಕೆಳಗಿದ್ದರೆ ರಿಸೈನ್, 40ನೇ ನಡೆಯ ನಂತರ ಎಂಟು ನಡೆ ಅಂಕ ±10ರೊಳಗಿದ್ದರೆ ಡ್ರಾ.

ನಿಗದಿತ ಆಳದ ಪಂದ್ಯವನ್ನಂತೂ ಆಡಿಸಬೇಡಿ. ಎಕ್ಸ್‌ಟೆನ್ಶನ್ ಇರುವ ಎಂಜಿನ್‌ಗೆ ಅಲ್ಲಿ ನೋಡ್‌ಗಳು ಪುಕ್ಕಟೆ, ಎಂಥ ಹುಚ್ಚು ಎಕ್ಸ್‌ಟೆನ್ಶನ್ನೂ ಗೆಲ್ಲುತ್ತದೆ. ನಿಗದಿತ ನೋಡ್ ಎಣಿಕೆಯ ಪಂದ್ಯ ಪರವಾಗಿಲ್ಲ. ಎಕ್ಸ್‌ಟೆನ್ಶನ್‌ನಿಂದ ಸೆಕೆಂಡಿಗೆ ನೋಡ್‌ಗಳ ವೇಗ ಅಷ್ಟೇನೂ ಬದಲಾಗದು, ಹಾಗಾಗಿ ಗದ್ದಲವಿರುವ ಯಂತ್ರದಲ್ಲಿ ಪ್ರಾಥಮಿಕ ಪರೀಕ್ಷೆಗೆ ಇದೇ ವಾಸಿ.

ಎಷ್ಟು ಆಟ? ಅರ್ಧದಷ್ಟು ಡ್ರಾ ಆಗುವ ಪಂದ್ಯದಲ್ಲಿ 100 ಆಟಗಳ ಫಲಿತಾಂಶಕ್ಕೆ 95 ಪ್ರತಿಶತ ವಿಶ್ವಾಸದಲ್ಲಿ ಸುಮಾರು ±48 ಈಲೊ ದೋಷ. 1,000ಕ್ಕೆ ±15. 10,000ಕ್ಕೆ ±5ರ ಹತ್ತಿರ. 200 ಆಟ ಆಡಿಸಿ ‘12 ಈಲೊ ಬಂತು’ ಎನ್ನುವುದು ನಾಣ್ಯ ಚಿಮ್ಮಿದ ಹಾಗೆ.

ಆದ್ದರಿಂದ ಎಸ್‌ಪಿಆರ್‌ಟಿ (ತೀರ್ಪು ಸ್ಪಷ್ಟವಾಗುವವರೆಗೆ ಆಟ ಓಡಿಸಿ ನಿಲ್ಲಿಸುವ ಸಂಖ್ಯಾಶಾಸ್ತ್ರದ ಪರೀಕ್ಷೆ) ಬಳಸಿ. ಸ್ಟಾಕ್‌ಫಿಶ್ ಎಂಜಿನ್‌ನ ಪರೀಕ್ಷಾ ವ್ಯವಸ್ಥೆ ಫಿಶ್‌ಟೆಸ್ಟ್ 2013ರಿಂದ ಓಡುತ್ತಿರುವುದು ಇಂಥ ಪರೀಕ್ಷೆಗಳ ಮೇಲೆಯೇ. ಮಿತಿ 0 ಮತ್ತು 5 ಈಲೊ, ಆಲ್ಫಾ ಬೀಟಾ (ಸರ್ಚ್‌ನವಲ್ಲ, ತಪ್ಪು ತೀರ್ಪಿನ ಸಂಭವಗಳು) ಎರಡೂ 0.05. ಎಲ್‌ಎಲ್‌ಆರ್ (ಸಾಕ್ಷ್ಯ ಯಾವ ಮಿತಿಯತ್ತ ವಾಲಿದೆ ಎಂಬ ಅಳತೆ) 2.94 ಮುಟ್ಟಿದರೆ ಪಾಸು, −2.94 ಮುಟ್ಟಿದರೆ ನಪಾಸು. ನಿಜವಾದ ಲಾಭ ಈ ಎರಡು ಮಿತಿಗಳ ನಡುವೆ ಎಲ್ಲೋ ಇದ್ದರೆ ಸುಮಾರು 10ರಿಂದ 20 ಸಾವಿರ ಆಟ ಹಿಡಿಯಬಹುದು. ಒಂದು ಆಟಕ್ಕೆ 20 ಸೆಕೆಂಡಿನಂತೆ ಆರು ಆಟ ಜೊತೆಗೆ ಓಡಿದರೆ 12,000 ಆಟಕ್ಕೆ ಹನ್ನೊಂದು ಗಂಟೆ: ರಾತ್ರಿ ಹಚ್ಚಿ ಬೆಳಗ್ಗೆ ನೋಡುವ ಕೆಲಸ. ನಡುವೆ ಇಣುಕಿ, ಗ್ರಾಫ್ ಮೇಲೆ ಹೋದಾಗ ನಿಲ್ಲಿಸಿ ‘ಪಾಸು’ ಎನ್ನುವಂತಿಲ್ಲ. ನಪಾಸಾದದ್ದನ್ನು ಪಾಸಾಗುವವರೆಗೆ ಮತ್ತೆ ಮತ್ತೆ ಓಡಿಸುವುದೂ ಅದೇ ಮೋಸ.

ಸಿಂಗ್ಯುಲರ್ ವಿಷಯದಲ್ಲಿ ಒಂದು ವಿಶೇಷ ಇದೆ. ಕನಿಷ್ಠ ಆಳ 8 ಎಂದಿಟ್ಟು 8 ಸೆಕೆಂಡಿನ ಆಟ ಆಡಿಸಿದರೆ ಎಂಜಿನ್ ಬಹುತೇಕ 12ರ ಆಸುಪಾಸು ಹೋಗಿ ನಿಲ್ಲುತ್ತದೆ. ಪರಿಶೀಲನೆ ನಡೆಯುವುದು ರೂಟ್ ಹತ್ತಿರದ ಬೆರಳೆಣಿಕೆಯ ನೋಡ್‌ಗಳಲ್ಲಿ. ಸಮಯ ಹೆಚ್ಚಿದಂತೆ ಲಾಭವೂ ಹೆಚ್ಚುತ್ತದೆ. ಹಾಗಾಗಿ ಚಿಕ್ಕ ಸಮಯದಲ್ಲಿ ಸೊನ್ನೆಯ ಸುತ್ತ ತೂಗಾಡಿ ಸೋತರೂ 40 ಸೆಕೆಂಡ್, 0.4 ಸೇರ್ಪಡೆಯಲ್ಲಿ ಒಮ್ಮೆ ಓಡಿಸದೆ ಎಸೆಯಬೇಡಿ. ಐದು ಪಟ್ಟು ಹೊತ್ತು ಹಿಡಿಯುತ್ತದೆ, ನಿಜ. ಚಿಕ್ಕ ಸಮಯದಲ್ಲೇ −15 ಬಂದಿದ್ದರೆ ಮಾತ್ರ ಸಮಯವನ್ನು ದೂರಬೇಡಿ, ಬಗ್ ಹುಡುಕಿ.

ಹದಕ್ಕೆ ತರುವುದು

ಮಾರ್ಜಿನ್‌ಗಳನ್ನು ಸ್ಟಾಕ್‌ಫಿಶ್‌ನಿಂದ ಎತ್ತಿ ತಂದರೆ ಹೊಂದುವುದಿಲ್ಲ. ಅದರ ಒಳಗಿನ ಅಂಕದ ಅಳತೆ ಬೇರೆ; 15.1ನೇ ಆವೃತ್ತಿಯಿಂದ ಅದು ಹೊರಗೆ ತೋರಿಸುವ ಸೆಂಟಿಪಾನ್ (ಕಾಲಾಳಿನ ನೂರರಲ್ಲೊಂದು ಪಾಲು) ಕೂಡ ಗೆಲುವಿನ ಸಂಭವಕ್ಕೆ ಹೊಂದಿಸಿ ಅಳೆದದ್ದು. ನಿಮ್ಮ ಎಂಜಿನ್‌ನಲ್ಲಿ ಒಂದು ಕಾಲಾಳಿನ ಬೆಲೆ ಎಷ್ಟೋ ಅದಕ್ಕೆ ತಕ್ಕಂತೆ ಹೆಚ್ಚು ಕಡಿಮೆ ಮಾಡಿಕೊಂಡು ಶುರು ಮಾಡಿ.

ಆಳದ ಎರಡರಷ್ಟು ಎಂಬ ಗುಣಕ ಪೂರ್ಣಾಂಕವಾದ್ದರಿಂದ 2ರಿಂದ 3ಕ್ಕೆ ಹಾರುತ್ತದೆ, ನಡುವೆ ಜಾಗವಿಲ್ಲ. ಆಳವನ್ನು 32ರಿಂದ ಗುಣಿಸಿ 16ರಿಂದ ಭಾಗಿಸುವಂತೆ ಬರೆಯಿರಿ, ಆಗ 32 ಎಂಬುದನ್ನು ಮೆಲ್ಲಗೆ ತಿರುಗಿಸಬಹುದು. ಎಸ್‌ಪಿಎಸ್‌ಎಗೆ (ಆಟ ಆಡಿಸುತ್ತ ಹಲವು ಮೌಲ್ಯಗಳನ್ನು ಒಟ್ಟಿಗೆ ಹದಕ್ಕೆ ತರುವ ವಿಧಾನ) ಕೊಡುವುದಾದರೆ ಕೆಳಮಿತಿ 8, ಮೇಲ್ಮಿತಿ 96, ಕೊನೆಯ ಹೆಜ್ಜೆ 4ರ ಸುತ್ತ. ಡಬಲ್‌ನ ಮಾರ್ಜಿನ್ ಇನ್ನೊಂದು ನಿಯತಾಂಕ. ಈ ಎರಡನ್ನು ಜೊತೆಗೇ ಬಿಡಿ, ಒಂದರ ಹದ ಇನ್ನೊಂದರ ಮೇಲೆ ನಿಂತಿದೆ. 30,000 ಆಟಗಳಿಗಿಂತ ಕಡಿಮೆಯಾದರೆ ಬರುವುದು ಬರೀ ಗದ್ದಲ. ಮೌಲ್ಯ ಹೊರಟ ಜಾಗದಿಂದ ಒಂದು ಹೆಜ್ಜೆಯಷ್ಟೂ ಸರಿದಿಲ್ಲವಾದರೆ ಅದನ್ನು ಮುಟ್ಟದೆ ಬಿಡಿ. ಎಸ್‌ಪಿಎಸ್‌ಎ ಕೊಟ್ಟ ಮೌಲ್ಯಗಳನ್ನು ಹಾಗೇ ಸ್ವೀಕರಿಸಬಾರದು, ಮತ್ತೆ ಎಸ್‌ಪಿಆರ್‌ಟಿಯಲ್ಲಿ ಪಾಸಾಗಬೇಕು.

ಕನಿಷ್ಠ ಆಳವನ್ನು ಎಸ್‌ಪಿಎಸ್‌ಎಗೆ ಕೊಡಬೇಡಿ. 6, 7, 8 ಎಂಬ ಮೂರೇ ಮೆಟ್ಟಿಲುಗಳ ಮೇಲೆ ಅದಕ್ಕೆ ದಾರಿ ಸಿಗುವುದಿಲ್ಲ. ಒಂದೊಂದನ್ನೂ ಕೈಯಾರೆ ಪರೀಕ್ಷಿಸಿ, ಅದೂ ಉದ್ದದ ಸಮಯದಲ್ಲಿ. ಚಿಕ್ಕ ಸಮಯದಲ್ಲಿ 6 ಗೆದ್ದು, ಉದ್ದದಲ್ಲಿ ಪರಿಶೀಲನೆಯ ಖರ್ಚಿಗೇ ಸೋಲಬಹುದು.

ರೀಕ್ಯಾಪ್ಚರ್ (ಮರುಹೊಡೆತ), ಏಳನೇ ಸಾಲಿಗೆ ಬಂದ ಕಾಲಾಳು, ಒಂದೇ ಉತ್ತರವಿರುವ ಪೊಸಿಶನ್, ಮೇಟ್ ಬೆದರಿಕೆ: ಹಳೆಯ ಎಂಜಿನ್‌ಗಳಲ್ಲಿ ಇವೆಲ್ಲ ಇದ್ದವು, ಅರ್ಧ ಪ್ಲೈ ಮುಕ್ಕಾಲು ಪ್ಲೈ ಎಂದು ಲೆಕ್ಕ ಹಾಕಿ ಕೊಡುತ್ತಿದ್ದರು. ಸಿಂಗ್ಯುಲರ್ ಇದ್ದ ಮೇಲೆ ಇವುಗಳ ಬಹುಪಾಲು ಕೆಲಸ ಅದರಲ್ಲೇ ಮುಗಿಯುತ್ತದೆ. ಈಗಾಗಲೇ ಇದ್ದರೆ ಒಂದೊಂದನ್ನೇ ತೆಗೆದು −5 ಮತ್ತು 0 ಮಿತಿಯಲ್ಲಿ ಎಸ್‌ಪಿಆರ್‌ಟಿ ಓಡಿಸಿ. ಪಾಸಾದರೆ ಕೋಡ್ ಅಳಿಸಿ. ಇಪ್ಪತ್ತು ಸಾಲು ಕಡಿಮೆಯಾಗುವುದೂ ಲಾಭವೇ.

ಎಲ್‌ಎಂಆರ್ ಕೋಷ್ಟಕ ಬದಲಾಯಿಸಿದಾಗ ಅಥವಾ ಇವ್ಯಾಲ್ಯುಯೇಶನ್ ಹೊಸದಾಗಿ ತರಬೇತಾದಾಗ ಮಾರ್ಜಿನ್‌ಗಳ ಹದ ತಪ್ಪುತ್ತದೆ. ಆಗ ಮೊದಲು ಆ ಐದು ಕೌಂಟರ್‌ಗಳನ್ನು ಹಳೆಯವುಗಳ ಪಕ್ಕದಲ್ಲಿಟ್ಟು ನೋಡಿ. ಸಿಂಗಲ್‌ಗಳ ಪ್ರಮಾಣ ಎದ್ದು ಕಾಣುವಷ್ಟು ಸರಿದಿದ್ದರೆ ಮಾತ್ರ ಎಸ್‌ಪಿಎಸ್‌ಎ ಮತ್ತೆ ಹಚ್ಚಿ.